ಜಲಾಶಯದ ದಂಡೆಯ ಮನೆಗೆ ವಿಮಾ ರಕ್ಷಣೆ

ಪುಣೆ ನಗರದ ಪಶ್ಚಿಮಕ್ಕೆ, ಸಹ್ಯಾದ್ರಿಯ ಮಡಿಲಲ್ಲಿ, ಖಡಕವಾಸಲಾ, ಪಾನಶೇತ್, ವರಸಗಾಂವ್, ಮುಳಶಿ, ಪವನಾ ಮೊದಲಾದ ಜಲಾಶಯಗಳು ಸಾಲುಗೊಂಡಿವೆ. ಇವುಗಳಲ್ಲಿ ಕೆಲವು ಪುಣೆ ಮತ್ತು ಪಿಂಪ್ರಿ-ಚಿಂಚವಾಡ ನಗರಗಳಿಗೆ ಕುಡಿಯುವ ನೀರನ್ನು ಒದಗಿಸುತ್ತವೆ. ಮುಳಶಿಯ ನೀರಿನಿಂದ ವಿದ್ಯುತ್ತು ಉತ್ಪಾದನೆಯಾಗುತ್ತದೆ. ಕನ್ನಡಿಗರಿಗೆ ಈ ಪ್ರದೇಶವು ಅಪರಿಚಿತವಾದುದಲ್ಲ. ಪುಣೆಯಲ್ಲಿಯೇ ಎಂಜಿನಿಯರಿಂಗ್ ವ್ಯಾಸಂಗ ಮಾಡಿದ ಸರ್ ಎಂ. ವಿಶ್ವೇಶ್ವರಯ್ಯನವರು ತಾವು ರೂಪಿಸಿದ ಸ್ವಯಂಚಾಲಿತ ಪ್ರವಾಹದ್ವಾರಗಳನ್ನು ಮೊತ್ತಮೊದಲು ಅಳವಡಿಸಿದುದು 1903ರಲ್ಲಿ, ಇದೇ ಖಡಕವಾಸಲಾ ಜಲಾಶಯದಲ್ಲಿ. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡುವುದೂ, ನೀರು ಮಿತಿಮೀರಿದಾಗ ತಾನಾಗಿಯೇ ಹೊರಹೋಗುವಂತೆ ಮಾಡುವುದೂ ಆ ದ್ವಾರಗಳ ಉದ್ದೇಶವಾಗಿತ್ತು.

ಇತ್ತೀಚಿನ ದಶಕಗಳಲ್ಲಿ ಈ ಜಲಾಶಯಗಳ ಸುತ್ತಲಿನ ಹಳ್ಳಿಗಳಲ್ಲಿ ಬೇರೊಂದು ಬಗೆಯ ಬದಲಾವಣೆ ಕಂಡುಬಂದಿದೆ. ನಗರದ ಅನೇಕ ಕುಟುಂಬಗಳು ನೀರಿನ ದಂಡೆಯ ಸಮೀಪದಲ್ಲಿ ನಿವೇಶನ ಕೊಂಡು ಮನೆ ಕಟ್ಟಿಕೊಂಡಿವೆ. ಕೆಲವರು ನಿವೃತ್ತಿಯ ನಂತರ ಅಲ್ಲಿಯೇ ನೆಲೆಸಿದ್ದಾರೆ. ಕೆಲವರು ವಾರಾಂತ್ಯಕ್ಕೆ ಮಾತ್ರ ಹೋಗಿಬರುತ್ತಾರೆ. ಇನ್ನು ಕೆಲವರು ಕೋಣೆಗಳನ್ನು ಅತಿಥಿಗಳಿಗೆ ಬಾಡಿಗೆಗೆ ಕೊಡುತ್ತಾರೆ, ಅಂಗಳದಲ್ಲಿ ಡೇರೆ ಹಾಕಿಸುತ್ತಾರೆ, ದೋಣಿ ಇಟ್ಟುಕೊಳ್ಳುತ್ತಾರೆ. ಕರ್ನಾಟಕದಲ್ಲಿಯೂ ಲಿಂಗನಮಕ್ಕಿ, ಹೇಮಾವತಿ, ಕಬಿನಿ ಮುಂತಾದ ಜಲಾಶಯಗಳ ಹಿನ್ನೀರಿನ ಬಳಿ ಇಂತಹ ಮನೆಗಳುಂಟು. ಆದುದರಿಂದ ಇಲ್ಲಿ ಹೇಳುವ ವಿಷಯವು ಪುಣೆಯವರಿಗೆ ಮಾತ್ರವಲ್ಲದೆ ನೀರಿನಂಚಿನಲ್ಲಿ ಮನೆ ಮಾಡಿದ ಎಲ್ಲರಿಗೂ ಅನ್ವಯಿಸುತ್ತದೆ.

ನೀರು ಕಲಿಸಿದ ಪಾಠ

1961ನೆಯ ಇಸವಿ ಜುಲೈ 12ರಂದು, ಇನ್ನೂ ನಿರ್ಮಾಣದ ಹಂತದಲ್ಲಿದ್ದ ಪಾನಶೇತ್ ಮಣ್ಣಿನ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಒಡೆದು, ಮುಠಾ ನದಿಯ ಪ್ರವಾಹವು ಪುಣೆ ನಗರದೊಳಕ್ಕೆ ನುಗ್ಗಿತು. ಸಾವಿರಾರು ಕುಟುಂಬಗಳು ಒಂದೇ ದಿನದಲ್ಲಿ ಮನೆಮಠ ಕಳೆದುಕೊಂಡವು. 1967ರ ಡಿಸೆಂಬರ್ 11ರಂದು ನೆರೆಯ ಸಾತಾರಾ ಜಿಲ್ಲೆಯ ಕೊಯ್ನಾದಲ್ಲಿ ಭೂಕಂಪವಾಯಿತು. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಆಂಬೇಗಾಂವ್ ತಾಲ್ಲೂಕಿನ ಮಾಳಿಣ್ ಗ್ರಾಮದ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಮೃತರಾದರು. 2024ರ ಜುಲೈ 25ರಂದು ಭಾರಿ ಮಳೆಯ ನಡುವೆ ಖಡಕವಾಸಲಾದಿಂದ ಸುಮಾರು 35,000 ಕ್ಯುಸೆಕ್ ನೀರನ್ನು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿತು.

ಈ ಘಟನೆಗಳನ್ನು ಇಲ್ಲಿ ನೆನಪಿಸುತ್ತಿರುವುದು ಭಯ ಹುಟ್ಟಿಸುವುದಕ್ಕಲ್ಲ. ಪ್ರವಾಹ, ಭೂಕಂಪ, ಭೂಕುಸಿತ ಈ ಮೂರೂ ಇದೇ ಪ್ರದೇಶದಲ್ಲಿ ಒಬ್ಬ ಮನುಷ್ಯನ ಆಯುಷ್ಯದ ಅವಧಿಯೊಳಗೇ ಸಂಭವಿಸಿವೆ ಎಂಬುದನ್ನು ತಿಳಿಸುವುದಕ್ಕೆ. ಭವಿಷ್ಯನಿಧಿಯ ಹಣವನ್ನೆಲ್ಲ ತೊಡಗಿಸಿ ಕಟ್ಟಿದ ಮನೆ ಇಂತಹ ಒಂದು ದಿನದಲ್ಲಿ ಹೋದರೆ, ಅದನ್ನು ಮತ್ತೆ ಕಟ್ಟುವ ಶಕ್ತಿ ನಿವೃತ್ತ ನೌಕರನಿಗೆ ಉಳಿದಿರುವುದಿಲ್ಲ. ವಿಮೆಯ ಪ್ರಯೋಜನ ಇರುವುದು ಇಲ್ಲಿಯೇ.

ವಿಮೆ ಮಾಡಿಸುವ ಮೊದಲು

ಮೊದಲನೆಯದಾಗಿ ಪರಿಶೀಲಿಸಬೇಕಾದುದು ಮನೆ ನಿಂತಿರುವ ನೆಲವನ್ನು. ಒಂದು ವಸ್ತು ನಷ್ಟವಾದರೆ ಕಾನೂನುಬದ್ಧವಾಗಿ ತನಗೆ ಹಾನಿಯಾಗುತ್ತದೆ ಎಂಬ ಸಂಬಂಧ ಇದ್ದವನು ಮಾತ್ರ ಆ ವಸ್ತುವಿಗೆ ವಿಮೆ ಮಾಡಿಸಬಲ್ಲನು. ಇದಕ್ಕೆ ವಿಮಾಹಿತ ಎಂದು ಹೆಸರು. ಜಲಾಶಯಕ್ಕಾಗಿ ಸರ್ಕಾರವು ಸ್ವಾಧೀನಪಡಿಸಿಕೊಂಡ ಭೂಮಿಯನ್ನು ಒತ್ತುವರಿ ಮಾಡಿ ಕಟ್ಟಿದ ಜಗಲಿಯಾಗಲಿ, ದೋಣಿಕಟ್ಟೆಯಾಗಲಿ ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. ಆದುದರಿಂದ ಭೂದಾಖಲೆ, ಕಟ್ಟಡದ ಪರವಾನಗಿ ಮತ್ತು ಗಡಿಯ ಅಳತೆ ಇವು ಸರಿಯಾಗಿವೆಯೇ ಎಂದು ನೋಡಿಕೊಳ್ಳತಕ್ಕದ್ದು.

ಎರಡನೆಯದು ಪ್ರವಾಹ ರೇಖೆ. ಮಹಾರಾಷ್ಟ್ರದಲ್ಲಿ ನದಿಗಳ ದಂಡೆಯುದ್ದಕ್ಕೂ ಎರಡು ರೇಖೆಗಳನ್ನು ಗುರುತಿಸುವ ಪದ್ಧತಿಯಿದೆ. 25 ವರ್ಷಗಳಿಗೊಮ್ಮೆ ಬರಬಹುದಾದ ಪ್ರವಾಹದ ಮಟ್ಟವನ್ನು ನೀಲಿ ರೇಖೆಯೂ, 100 ವರ್ಷಗಳಿಗೊಮ್ಮೆ ಬರಬಹುದಾದ ಪ್ರವಾಹದ ಮಟ್ಟವನ್ನು ಕೆಂಪು ರೇಖೆಯೂ ಸೂಚಿಸುತ್ತವೆ. ನೀಲಿ ರೇಖೆಯ ಒಳಗೆ ಕಟ್ಟಡ ನಿಷಿದ್ಧ. ಎರಡು ರೇಖೆಗಳ ನಡುವೆ ನಿರ್ಬಂಧಗಳುಂಟು. ಅಣೆಕಟ್ಟಿನ ಕೆಳಭಾಗದಲ್ಲಿ ನಿವೇಶನ ಕೊಳ್ಳುವವರು ಈ ನಕ್ಷೆಯನ್ನು ನೋಡದೆ ಮುಂಗಡ ಹಣ ಕೊಡಬಾರದು.

ಭಾರತ್ ಗೃಹ ರಕ್ಷಾ

ಹಿಂದೆ ಮನೆಗಳಿಗೂ ಕಾರ್ಖಾನೆಗಳಿಗೂ ಒಂದೇ ಮಾದರಿಯ ಅಗ್ನಿ ವಿಮಾಪತ್ರವಿತ್ತು. ಸಾಮಾನ್ಯ ಜನರಿಗೆ ಅದರ ಒಕ್ಕಣೆ ತಿಳಿಯುತ್ತಿರಲಿಲ್ಲ. ಈ ಕೊರತೆಯನ್ನು ನೀಗಿಸಲು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ವಾಸದ ಮನೆಗಳಿಗೆಂದೇ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ವಿಮಾಪತ್ರವನ್ನು ರೂಪಿಸಿತು. ಇದು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು.

ಈ ವಿಮಾಪತ್ರದಲ್ಲಿ ಅಡಕವಾಗಿರುವ ಮುಖ್ಯ ಅಪಾಯಗಳು ಇವು:

1. ಬೆಂಕಿ, ಸ್ಫೋಟ, ಸಿಡಿಲು, ಕಾಡ್ಗಿಚ್ಚು.
2. ಭೂಕಂಪ.
3. ಬಿರುಗಾಳಿ, ಚಂಡಮಾರುತ, ಪ್ರವಾಹ ಮತ್ತು ಜಲಾವೃತವಾಗುವಿಕೆ.
4. ಮನೆ ನಿಂತ ನೆಲದ ಕುಸಿತ, ಗುಡ್ಡದ ಕುಸಿತ, ಬಂಡೆ ಉರುಳುವಿಕೆ.
5. ವಾಹನ, ಮರ ಮುಂತಾದ ಹೊರಗಿನ ವಸ್ತುಗಳು ಬಡಿದು ಆಗುವ ಹಾನಿ.
6. ಗಲಭೆ, ಮುಷ್ಕರ, ದುರುದ್ದೇಶದ ಹಾನಿ, ಭಯೋತ್ಪಾದನೆ.
7. ನೀರಿನ ತೊಟ್ಟಿ ಅಥವಾ ಕೊಳವೆ ಒಡೆದು ಆಗುವ ಹಾನಿ.
8. ಮೇಲಿನ ಯಾವುದೇ ಘಟನೆಯ ನಿಮಿತ್ತ, ಅದಾದ 7 ದಿನಗಳೊಳಗೆ ನಡೆಯುವ ಕಳ್ಳತನ.

ಕೊನೆಯ ಅಂಶವನ್ನು ಗಮನವಿಟ್ಟು ಓದಬೇಕು. ಪ್ರವಾಹದಲ್ಲಿ ಬಾಗಿಲು ಕಿತ್ತುಹೋದ ಮನೆಯಿಂದ ಸಾಮಾನು ಕಳುವಾದರೆ ಪರಿಹಾರವುಂಟು. ಆದರೆ ಬೀಗ ಹಾಕಿದ ಮನೆಗೆ ಸಾಮಾನ್ಯ ದಿನಗಳಲ್ಲಿ ಕನ್ನ ಹಾಕಿದರೆ ಈ ವಿಮಾಪತ್ರದಿಂದ ಪರಿಹಾರ ದೊರೆಯದು. ಅದಕ್ಕೆ ಕಳ್ಳತನದ ವಿಮೆಯನ್ನು ಪ್ರತ್ಯೇಕವಾಗಿ ಪಡೆಯಬೇಕು. ವಾರದಲ್ಲಿ ಐದು ದಿನ ಬೀಗ ಬಿದ್ದಿರುವ ಮನೆಗೆ ಇದು ಅತ್ಯಗತ್ಯ.

ಮನೆಯ ಕಟ್ಟಡವೆಂದರೆ ನಾಲ್ಕು ಗೋಡೆಗಳು ಮಾತ್ರವಲ್ಲ. ಕಾಂಪೌಂಡು ಗೋಡೆ, ಗೇಟು, ಮಣ್ಣು ತಡೆಯುವ ಗೋಡೆ, ಆವರಣದೊಳಗಿನ ರಸ್ತೆ, ವರಾಂಡ, ವಾಹನದ ಕೊಟ್ಟಿಗೆ, ನೀರಿನ ತೊಟ್ಟಿ, ಶೌಚದ ಗುಂಡಿ, ಜೈವಿಕ ಅನಿಲ ಸ್ಥಾವರ, ಸೌರಫಲಕ ಇವೂ ಅದರಲ್ಲಿ ಸೇರುತ್ತವೆ.

ವಿಮಾ ಮೊತ್ತದ ಲೆಕ್ಕ

ದಂಡೆಯ ಮನೆಗಳಲ್ಲಿ ಬೆಲೆಯ ಬಹುಭಾಗ ನೆಲದ್ದು. ಆದರೆ ವಿಮೆ ಇರುವುದು ಕಟ್ಟಡಕ್ಕೆ, ನೆಲಕ್ಕಲ್ಲ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಿವೃತ್ತ ದಂಪತಿಗಳು 60 ಲಕ್ಷ ರೂ.ಗಳಿಗೆ ನಿವೇಶನ ಕೊಂಡು ಅಲ್ಲಿ 100 ಚದರ ಮೀಟರ್ ವಿಸ್ತೀರ್ಣದ ಮನೆ ಕಟ್ಟಿದ್ದಾರೆನ್ನಿ. ಈಗ ಅದೇ ಮನೆಯನ್ನು ಕಟ್ಟಲು ಚದರ ಮೀಟರಿಗೆ 25,000 ರೂ. ಬೀಳುವುದಾದರೆ ವಿಮಾ ಮೊತ್ತ 25 ಲಕ್ಷ ರೂ. ಆಗುತ್ತದೆ, 85 ಲಕ್ಷವಲ್ಲ. ಹೆಚ್ಚಿನ ಮೊತ್ತಕ್ಕೆ ಕಂತು ಕಟ್ಟಿದರೂ ಕಟ್ಟಡದ ಪುನರ್ನಿರ್ಮಾಣದ ವೆಚ್ಚಕ್ಕಿಂತ ಹೆಚ್ಚು ಹಣ ಬಾರದು.

ಕಟ್ಟಡಕ್ಕೆ ವಿಮೆ ಮಾಡಿಸಿದಾಗ ಮನೆಯೊಳಗಿನ ಸಾಮಾನ್ಯ ಸಾಮಾನುಗಳಿಗೆ, ಪಟ್ಟಿ ಕೊಡದಿದ್ದರೂ, ಕಟ್ಟಡದ ವಿಮಾ ಮೊತ್ತದ ಶೇಕಡ 20ರಷ್ಟು, ಗರಿಷ್ಠ 10 ಲಕ್ಷ ರೂ.ಗಳವರೆಗೆ ತಾನಾಗಿಯೇ ರಕ್ಷಣೆ ಲಭಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಇದು 5 ಲಕ್ಷ ರೂ. ಆಯಿತು. ಅದಕ್ಕಿಂತ ಹೆಚ್ಚು ಬೆಲೆಯ ಸಾಮಾನಿದ್ದರೆ ವಿವರ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಒಡವೆ, ಬೆಳ್ಳಿ ಪಾತ್ರೆ, ಕಲಾಕೃತಿಗಳಿಗೆ ಪ್ರತ್ಯೇಕ ಐಚ್ಛಿಕ ರಕ್ಷಣೆಯುಂಟು.

ಹಳೆಯ ಪದ್ಧತಿಯಲ್ಲಿ ಒಂದು ತೊಡಕಿತ್ತು. 40 ಲಕ್ಷ ರೂ. ಬೆಲೆಯ ಕಟ್ಟಡಕ್ಕೆ 20 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿ, 10 ಲಕ್ಷ ರೂ. ನಷ್ಟವಾದರೆ, ಸಿಗುತ್ತಿದ್ದುದು 5 ಲಕ್ಷ ಮಾತ್ರ. ಬೆಲೆಯ ಅರ್ಧಕ್ಕೆ ವಿಮೆ ಮಾಡಿಸಿದವನು ನಷ್ಟದ ಅರ್ಧವನ್ನು ತಾನೇ ಹೊರಬೇಕೆಂಬುದು ಅದರ ನ್ಯಾಯ. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತವನ್ನು ಕೈಬಿಡಲಾಗಿದೆ. ಆದರೂ ವಿಮಾ ಮೊತ್ತವೇ ಪರಿಹಾರದ ಮಿತಿಯಾದುದರಿಂದ, ಮನೆ ಪೂರ್ತಿಯಾಗಿ ನೆಲಸಮವಾದಾಗ ಕಡಮೆ ಮೊತ್ತದ ವಿಮೆಯಿಂದ ಮನೆ ಎದ್ದು ನಿಲ್ಲದು. ವಿಸ್ತೀರ್ಣವನ್ನು ಯಥಾರ್ಥವಾಗಿ ತಿಳಿಸುವುದೇ ಕ್ಷೇಮ. ವಿಮೆಯನ್ನು 10 ವರ್ಷಗಳವರೆಗೆ ಒಮ್ಮೆಗೇ ಪಡೆಯಬಹುದು. ವಿಮಾ ಮೊತ್ತವು ಪ್ರತಿವರ್ಷ ಶೇಕಡ 10ರಂತೆ ಹೆಚ್ಚುತ್ತ ಹೋಗುತ್ತದೆ.

ವಾಸದ ಮನೆಯೋ, ವಿಹಾರಗೃಹವೋ?

ಜಲಾಶಯದ ದಂಡೆಯ ಮನೆಗಳ ವಿಷಯದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಭಾರತ್ ಗೃಹ ರಕ್ಷಾ ಇರುವುದು ವಾಸದ ಮನೆಗೆ. ಮಾಲೀಕನು, ಅವನ ಕುಟುಂಬದವರು, ಬಾಡಿಗೆದಾರರು ಅಥವಾ ನೌಕರರು ಅಲ್ಲಿ ವಾಸಿಸುತ್ತಿರಬೇಕು. ಮನೆಯನ್ನು ವಿಹಾರಗೃಹವಾಗಿ ಅಥವಾ ಊಟ-ವಸತಿಯ ವ್ಯವಹಾರಕ್ಕೆ ಬಳಸಿದರೆ ಪರಿಹಾರ ಸಲ್ಲದೆಂದು ಮಾದರಿ ಒಕ್ಕಣೆಯಲ್ಲಿ ನಿರ್ಬಂಧವಿದೆ. ವಿಮಾಪತ್ರ ಕೈಯಲ್ಲಿದೆ, ಕಂತೂ ಕಟ್ಟಿದೆ ಎಂದು ನಿಶ್ಚಿಂತೆಯಿಂದಿದ್ದ ಮಾಲೀಕನಿಗೆ, ಮಳೆಗಾಲದ ಒಂದು ರಾತ್ರಿಯ ನಂತರ ಈ ಒಂದು ವಾಕ್ಯವು ಬರಸಿಡಿಲಿನಂತೆ ಎರಗಬಹುದು.

ಆದುದರಿಂದ ಮನೆಯ ಬಳಕೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿ ನೋಡಬೇಕು.

(ಅ) ಕುಟುಂಬವು ಅಲ್ಲಿಯೇ ನೆಲೆಸಿದ್ದರೆ ಭಾರತ್ ಗೃಹ ರಕ್ಷಾ ಯೋಗ್ಯವಾದ ವಿಮಾಪತ್ರ.

(ಆ) ವಾರಾಂತ್ಯಕ್ಕೆ ಮಾತ್ರ ಹೋಗಿಬರುವುದಾದರೆ ಆ ಸಂಗತಿಯನ್ನು ಪ್ರಸ್ತಾವಪತ್ರದಲ್ಲಿಯೇ ಬರೆದು, ರಕ್ಷಣೆ ದೊರೆಯುವುದೇ ಎಂಬುದಕ್ಕೆ ಕಂಪೆನಿಯಿಂದ ಲಿಖಿತ ಉತ್ತರ ಪಡೆಯಬೇಕು. ಏಜೆಂಟರ ಬಾಯಿಮಾತು ಸಾಲದು. ಹಳೆಯ ಅಗ್ನಿ ವಿಮಾಪತ್ರಗಳಲ್ಲಿ ಕಟ್ಟಡವು ಸತತವಾಗಿ 30 ದಿನಗಳಿಗಿಂತ ಹೆಚ್ಚು ಕಾಲ ಖಾಲಿಯಿದ್ದರೆ, ಕಂಪೆನಿಯ ಒಪ್ಪಿಗೆ ಪಡೆಯದಿದ್ದಲ್ಲಿ ರಕ್ಷಣೆ ನಿಂತುಹೋಗುತ್ತಿತ್ತು. ಈಗಲೂ ಮನೆಯನ್ನು ಬಹುಕಾಲ ಮುಚ್ಚುವಾಗ ಕಂಪೆನಿಗೆ ಪತ್ರ ಬರೆಯುವುದು ಒಳ್ಳೆಯ ರೂಢಿ.

(ಇ) ಹಣ ಪಡೆದು ಅತಿಥಿಗಳನ್ನು ಇಳಿಸಿಕೊಳ್ಳುವುದಾದರೆ ಅದು ಉದ್ಯಮ. ಒಂದು ಸ್ಥಳದಲ್ಲಿರುವ ಆಸ್ತಿಯ ಒಟ್ಟು ಮೌಲ್ಯ 5 ಕೋಟಿ ರೂ.ಗಳವರೆಗೆ ಇರುವ ಉದ್ಯಮಗಳಿಗೆ, ಅದೇ 2021ರ ಏಪ್ರಿಲ್ 1ರಂದು ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ವಿಮಾಪತ್ರವಿದೆ. ಹೋಂಸ್ಟೇ ನಡೆಸುವವರು ಇದರ ಬಗ್ಗೆ ವಿಚಾರಿಸಬೇಕು.

ಬಳಕೆ ಬದಲಾದೊಡನೆ ತಿಳಿಸುವುದೂ ಮಾಲೀಕನ ಕರ್ತವ್ಯ. ಮೊದಲ ವರ್ಷ ವಾಸದ ಮನೆಯಾಗಿದ್ದು ಎರಡನೆಯ ವರ್ಷ ಅತಿಥಿಗೃಹವಾದರೆ, ಮೊದಲ ವರ್ಷದ ವಿವರಣೆ ಎರಡನೆಯ ವರ್ಷದ ನಷ್ಟಕ್ಕೆ ಆಧಾರವಾಗದು.

ಯಾವುದಕ್ಕೆ ಪರಿಹಾರವಿಲ್ಲ?

ನೀರಿನ ಬಳಿಯ ಮನೆಗೆ ಆಗುವ ಎಲ್ಲ ಹಾನಿಯೂ ಪ್ರವಾಹದ ಹಾನಿಯಲ್ಲ. ನೆಲಕುಸಿತದ ರಕ್ಷಣೆಯಲ್ಲಿ ಕೆಲವು ಹೊರತುಗಳಿವೆ. ಹೊಸ ಕಟ್ಟಡವು ಸಹಜವಾಗಿ ಇಳಿದು ಬಿರುಕು ಬಿಡುವುದು, ಮಣ್ಣು ತುಂಬಿ ಎತ್ತರಿಸಿದ ನೆಲವು ಜರುಗುವುದು, ನದಿಯ ಅಥವಾ ಸಮುದ್ರದ ಕೊರೆತ, ವಿನ್ಯಾಸದ ಅಥವಾ ಕೆಲಸದ ದೋಷ ಇವುಗಳಿಂದಾದ ಹಾನಿಗೆ ಪರಿಹಾರವಿಲ್ಲ. ಇಳಿಜಾರಿನ ದಂಡೆಗೆ ಮಣ್ಣು ತುಂಬಿಸಿ ಸಮತಟ್ಟು ಮಾಡಿ ಮನೆ ಕಟ್ಟುವವರು ಇದನ್ನು ನೆನಪಿನಲ್ಲಿಡಬೇಕು. ಅಲ್ಲಿ ವಿಮೆಗಿಂತ ಮೊದಲು ಬೇಕಾದುದು ಒಳ್ಳೆಯ ತಳಪಾಯ ಮತ್ತು ನೀರು ಹರಿದುಹೋಗುವ ಚರಂಡಿ.

ತೇವ ಹಿಡಿದು ಗೋಡೆ ಉದುರುವುದು, ಗೆದ್ದಲು, ತುಕ್ಕು ಮುಂತಾದ ನಿಧಾನದ ಸವೆತ, ಯುದ್ಧ, ಪರಮಾಣು ವಿಕಿರಣ, ಮಾಲೀಕನು ಬೇಕೆಂದೇ ಮಾಡಿದ ಹಾನಿ ಇವೂ ವಿಮೆಯ ಹೊರಗಿವೆ.

ದೋಣಿ, ಈಜು, ಅತಿಥಿಗಳು

ಮೇಲೆ ಹೇಳಿದುದೆಲ್ಲ ಆಸ್ತಿಯ ಮಾತು. ಆದರೆ ಜಲಾಶಯದ ಬಳಿ ಆಸ್ತಿಗಿಂತ ಪ್ರಾಣಕ್ಕೆ ಅಪಾಯ ಹೆಚ್ಚು. ಮೇಲೆ ಶಾಂತವಾಗಿ ಕಾಣುವ ಹಿನ್ನೀರಿನ ಅಡಿಯಲ್ಲಿ ಮುಳುಗಡೆಯಾದ ಗದ್ದೆಬದುಗಳು, ಬಾವಿಗಳು, ಮರದ ಬೊಡ್ಡೆಗಳು ಇರಬಹುದು. ಒಂದು ಹೆಜ್ಜೆಯ ಅಂತರದಲ್ಲಿ ಆಳ ಬದಲಾಗುತ್ತದೆ. ಅತಿಥಿಯ ಮಗು ನೀರಿಗೆ ಬಿದ್ದರೆ, ದೋಣಿ ಮಗುಚಿದರೆ, ಡೇರೆಯ ಮುಂದಿನ ಬೆಂಕಿಯಿಂದ ಒಬ್ಬರಿಗೆ ಸುಟ್ಟರೆ, ಮನೆಯ ಮಾಲೀಕನು ಎಚ್ಚರ ತಪ್ಪಿದನೆಂದು ಸಾಬೀತಾದಲ್ಲಿ ಪರಿಹಾರ ಕೊಡುವ ಹೊಣೆ ಅವನದಾಗುತ್ತದೆ. ಕಟ್ಟಡದ ವಿಮೆ ಈ ಹೊಣೆಯನ್ನು ಹೊರುವುದಿಲ್ಲ.

ಇದಕ್ಕಾಗಿ ಇರುವುದು ಸಾರ್ವಜನಿಕ ಹೊಣೆಗಾರಿಕೆಯ ವಿಮೆ. ಕುಟುಂಬದ ಬಳಕೆಯ ಮನೆಯಾದರೆ, ಹಲವು ಭಾಗಗಳುಳ್ಳ ಗೃಹಸ್ಥರ ಸಮಗ್ರ ವಿಮಾಪತ್ರದಲ್ಲಿ ಹೊಣೆಗಾರಿಕೆಯ ಭಾಗವನ್ನು ಆರಿಸಿಕೊಳ್ಳಬಹುದು. ಅತಿಥಿಗೃಹವಾದರೆ, ಕೈಗಾರಿಕೇತರ ಸಂಸ್ಥೆಗಳಿಗೆಂದು ಇರುವ ಹೊಣೆಗಾರಿಕೆಯ ವಿಮಾಪತ್ರವನ್ನು ಪಡೆಯಬೇಕು. ಒಂದು ಅಪಘಾತಕ್ಕೆ ಎಷ್ಟು, ಒಂದು ವರ್ಷಕ್ಕೆ ಒಟ್ಟು ಎಷ್ಟು ಎಂಬ ಎರಡು ಮಿತಿಗಳು ಅದರಲ್ಲಿ ಇರುತ್ತವೆ. ಈಜುಕೊಳ, ದೋಣಿವಿಹಾರ, ಅತಿಥಿಗಳಿಗೆ ಒದಗಿಸುವ ಊಟ ಇವು ಸೇರಿವೆಯೇ ಎಂದು ಒಂದೊಂದಾಗಿ ಕೇಳಿ ಬರೆಸಿಕೊಳ್ಳತಕ್ಕದ್ದು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಅಧಿನಿಯಮದ ಹೆಸರು ಕೇಳಿ ಕೆಲವರು ಗೊಂದಲಗೊಳ್ಳುವುದುಂಟು. ಆ ಅಧಿನಿಯಮವು ಅಪಾಯಕಾರಿ ವಸ್ತುಗಳನ್ನು ಬಳಸುವ ಉದ್ದಿಮೆಗಳಿಗೆ ಸಂಬಂಧಿಸಿದ್ದು, ಅತಿಥಿಗೃಹಕ್ಕಲ್ಲ.

ದೋಣಿಯನ್ನು ಮನೆಯ ಸಾಮಾನೆಂದು ಭಾವಿಸಬಾರದು. ಅದಕ್ಕೆ ಪ್ರತ್ಯೇಕ ವಿಮೆ ಅಗತ್ಯ. ಯಂತ್ರಚಾಲಿತ ದೋಣಿಯಾದರೆ 2021ರ ಒಳನಾಡು ಹಡಗುಗಳ ಅಧಿನಿಯಮದ ಪ್ರಕಾರ ತಪಾಸಣೆ, ನೋಂದಣಿ ಮತ್ತು ವಿಮೆ ಕಡ್ಡಾಯ. ಇದಲ್ಲದೆ ಜಲಾಶಯದಲ್ಲಿ ದೋಣಿ ಬಿಡಲು ಜಲಸಂಪನ್ಮೂಲ ಇಲಾಖೆಯ ಅನುಮತಿ ಬೇಕು. ಅನುಮತಿಯಿಲ್ಲದ ದೋಣಿಯಿಂದ ಅಪಘಾತವಾದರೆ ವಿಮಾ ಕಂಪೆನಿಯಿಂದ ಹಣ ನಿರೀಕ್ಷಿಸುವುದು ವ್ಯರ್ಥ.

ಮನೆ ಕಾಯುವವರನ್ನು ಮರೆಯಬಾರದು

ಇಂತಹ ಮನೆಗಳಲ್ಲಿ ಕಾವಲುಗಾರ, ತೋಟದ ಕೆಲಸದವರು, ಅಡುಗೆಯವರು, ಅಂಬಿಗರು ಆಗಿರುವವರು ಬಹುಮಟ್ಟಿಗೆ ಸುತ್ತಲಿನ ಹಳ್ಳಿಯವರೇ. ಅವರಲ್ಲಿ ಹಲವರ ಹಿರಿಯರ ಹೊಲಗಳು ಇದೇ ನೀರಿನ ಅಡಿಯಲ್ಲಿವೆ. ಮುಳಶಿಯ ಅಣೆಕಟ್ಟಿನಿಂದ ಭೂಮಿ ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ಸತ್ಯಾಗ್ರಹ ಹೂಡಿದ್ದು ಇತಿಹಾಸಪ್ರಸಿದ್ಧ. ರಾತ್ರಿ ನೀರು ಏರಿದಾಗ ಮನೆಯಲ್ಲಿರುವವನು ಕಾವಲುಗಾರನೇ ಹೊರತು ಮಾಲೀಕನಲ್ಲ.

ಕೆಲಸದ ವೇಳೆಯ ಅಪಘಾತಕ್ಕೆ ಪರಿಹಾರ ಕೊಡುವ ಮಾಲೀಕನ ಹೊಣೆಗೆ ವಿಮೆ ಲಭ್ಯವಿದೆ. ಅದನ್ನು ಗೃಹಸ್ಥರ ಸಮಗ್ರ ವಿಮಾಪತ್ರದೊಡನೆಯೇ ಪಡೆಯಬಹುದು. ಜೊತೆಗೆ, ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷ ವಯಸ್ಸಿನ, ಬ್ಯಾಂಕು ಅಥವಾ ಅಂಚೆ ಕಛೇರಿಯಲ್ಲಿ ಖಾತೆಯುಳ್ಳ ಯಾರೂ ಸೇರಬಹುದು. ವರ್ಷಕ್ಕೆ 20 ರೂ. ಕಂತು, ಅಪಘಾತದಿಂದ ಮರಣ ಸಂಭವಿಸಿದರೆ ಕುಟುಂಬಕ್ಕೆ 2 ಲಕ್ಷ ರೂ. ನೀರಿನಲ್ಲಿ ಮುಳುಗಿ ಆಗುವ ಮರಣವೂ ಅಪಘಾತವೇ. ಪ್ರತಿಯೊಬ್ಬ ಕೆಲಸಗಾರನೂ ಇದರಲ್ಲಿ ಸೇರಿರುವಂತೆ ನೋಡಿಕೊಳ್ಳುವುದು ಮಾಲೀಕನಿಗೆ ಭಾರವಲ್ಲ.

ನಷ್ಟವಾದಾಗ ಏನು ಮಾಡಬೇಕು?

1. ಮೊದಲು ಜನರ ರಕ್ಷಣೆ. ಅನಂತರ ವಿದ್ಯುತ್ ಸಂಪರ್ಕ ಕಡಿದು, ಉಳಿದ ಸಾಮಾನನ್ನು ಎತ್ತರದ ಜಾಗಕ್ಕೆ ಸಾಗಿಸಬೇಕು. ಹೆಚ್ಚಿನ ಹಾನಿಯನ್ನು ತಡೆಯುವುದು ವಿಮಾದಾರನ ಕರ್ತವ್ಯ.
2. ವಿಮಾ ಕಂಪೆನಿಗೆ ತಡಮಾಡದೆ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಕಳ್ಳತನ, ಗಲಭೆ ಅಥವಾ ಪ್ರಾಣಾಪಾಯವಾದರೆ ಪೊಲೀಸರಿಗೂ ದೂರು ಕೊಡಬೇಕು.
3. ನೀರು ನಿಂತ ಮಟ್ಟ ಗೋಡೆಯ ಮೇಲೆ ಕಾಣುವಂತೆ ಛಾಯಾಚಿತ್ರಗಳನ್ನು ತೆಗೆಯಬೇಕು. ತಲಾಠಿ ನಡೆಸುವ ಪಂಚನಾಮೆಯ ಪ್ರತಿಯನ್ನು ಪಡೆಯಬೇಕು.
4. ಸರ್ವೇಯರ್ ಬಂದು ನೋಡುವ ಮೊದಲು ಕೆಟ್ಟ ಸಾಮಾನುಗಳನ್ನು ಎಸೆಯಬಾರದು.

ಪ್ರಾಧಿಕಾರವು 2024ರ ಜೂನ್ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯಂತೆ, ನಷ್ಟದ ವರದಿ ಬಂದ 24 ಗಂಟೆಗಳೊಳಗೆ ಸರ್ವೇಯರನ್ನು ನೇಮಿಸಬೇಕು. ಅವರು 15 ದಿನಗಳೊಳಗೆ ವರದಿ ಕೊಡಬೇಕು. ವರದಿ ಬಂದ 7 ದಿನಗಳೊಳಗೆ ಕಂಪೆನಿ ತೀರ್ಮಾನ ತಿಳಿಸಬೇಕು. ಸರ್ವೇಯರರಿಗೆ ಕಟ್ಟಡದ ನಕ್ಷೆ, ತೆರಿಗೆಯ ರಸೀತಿ, ಸಾಮಾನುಗಳ ಬಿಲ್ಲು ತೋರಿಸಬೇಕಾಗುತ್ತದೆ. ಇವುಗಳ ಪ್ರತಿಗಳನ್ನು ದಂಡೆಯ ಮನೆಯಲ್ಲಿಯೇ ಇಟ್ಟರೆ ಮನೆಯೊಡನೆ ಅವೂ ನೀರುಪಾಲಾಗುತ್ತವೆ. ಊರಿನ ಮನೆಯಲ್ಲೋ ಬ್ಯಾಂಕಿನ ಲಾಕರಿನಲ್ಲೋ ಇಡುವುದು ಲೇಸು. ಅವಶೇಷ ತೆಗೆಯುವ ವೆಚ್ಚಕ್ಕೆ ಪರಿಹಾರದ ಶೇಕಡ 2ರವರೆಗೆ, ವಾಸ್ತುಶಿಲ್ಪಿ ಮೊದಲಾದವರ ಶುಲ್ಕಕ್ಕೆ ಶೇಕಡ 5ರವರೆಗೆ ಹಣ ಪಡೆಯಬಹುದೆಂಬುದನ್ನು ಅನೇಕರು ಅರಿಯರು.

ತೀರ್ಮಾನ ಒಪ್ಪಿಗೆಯಾಗದಿದ್ದರೆ

ಮೊದಲು ಕಂಪೆನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ, ವಿಮಾ ಒಂಬುಡ್ಸ್‌ಮನ್‌ರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ಇವರ ಕಛೇರಿಗಳಿವೆ. 50 ಲಕ್ಷ ರೂ.ಗಳವರೆಗಿನ ಪರಿಹಾರವನ್ನು ಇವರು ಕೊಡಿಸಬಲ್ಲರು. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಇದಲ್ಲದೆ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ.

ನೀರಿನ ಎದುರಿಗೆ ಮನೆ ಕಟ್ಟುವ ಆಸೆ ಸಹಜವಾದುದು. ಬೆಳಗಿನ ಮಂಜು, ಸಂಜೆಯ ತಂಗಾಳಿ ಯಾರಿಗೆ ಬೇಡ? ಆದರೆ ಜಲಾಶಯವು ಮನುಷ್ಯನು ತುಂಬಿಸುವ, ಮನುಷ್ಯನು ಖಾಲಿ ಮಾಡುವ ನೀರು. ಮಳೆಗಾಲದಲ್ಲಿ ಅದರ ಅಂಚು ದಿನದಿಂದ ದಿನಕ್ಕೆ ಸರಿಯುತ್ತದೆ. ಮುಂಗಾರು ಆರಂಭವಾಗುವ ಮುನ್ನ, ಮೇ ತಿಂಗಳಿನಲ್ಲಿಯೇ, ಮನೆಯ ಮಾಡನ್ನೂ ಚರಂಡಿಯನ್ನೂ ಪರೀಕ್ಷಿಸುವ ದಿನ ವಿಮಾಪತ್ರವನ್ನೂ ಹೊರತೆಗೆದು ಒಮ್ಮೆ ಪೂರ್ತಿಯಾಗಿ ಓದಿರಿ. ಅದರಲ್ಲಿ ಬರೆದಿರುವ ಬಳಕೆಯೂ ನಿಮ್ಮ ಮನೆಯ ನಿಜವಾದ ಬಳಕೆಯೂ ಒಂದೇ ಆಗಿದೆಯೇ ಎಂದು ನೋಡಿರಿ. ಬೇರೆಯಾಗಿದ್ದರೆ ಅಂದೇ ಕಂಪೆನಿಗೆ ಬರೆಯಿರಿ. ಮಳೆ ಬಿದ್ದ ಮೇಲೆ ಬರೆದ ಪತ್ರಕ್ಕಿಂತ ಮಳೆಗೆ ಮುಂಚೆ ಬರೆದ ಪತ್ರಕ್ಕೆ ಬೆಲೆ ಹೆಚ್ಚು.